ಕೂಡುವ ದಿನದ ಹಲಗೆ

“ಅಜ್ಜಾರ, ನನ್ನ ಕೂಸಿನ ತುಟಿ ಸೀಳಿದ್ದು ಯಾರ ತಪ್ಪಿನಿಂದ?”

ಚನ್ನವೀರ ಈ ಪ್ರಶ್ನೆಯನ್ನು ನಿಂತುಕೊಂಡೇ ಕೇಳಿದ. ಮಠದ ಪಡಸಾಲೆಯಲ್ಲಿ ಚಾಪೆ ಹಾಸಿತ್ತು. ಗುರುಗಳು ಎರಡು ಸಲ ಕೈಯಿಂದ ಚಾಪೆ ತೋರಿಸಿದರು. ಎರಡು ಸಲವೂ ಅವನು ಕೂತಂತೆ ಮಾಡಿ ಎದ್ದ.

ಅವನ ಹೆಂಡತಿ ನೀಲಮ್ಮ ತವರಿನಲ್ಲಿ ಹೆತ್ತು ಹನ್ನೊಂದು ದಿನವಾಗಿತ್ತು. ಹೆಣ್ಣು ಕೂಸು. ಮೇಲ್ದುಟಿ ಮೂಗಿನ ಹೊಳ್ಳೆಯವರೆಗೆ ಬಿರಿದಿತ್ತು. ಮೂರು ತಿಂಗಳು ಕಳೆಯಲಿ, ಹೊಲಿದು ಸರಿಮಾಡೋಣ ಎಂದು ಡಾಕ್ಟರು ಹೇಳಿದ್ದರು. ಚನ್ನವೀರನ ತಾಯಿಗೆ ಆ ಮಾತು ಬೇಕಿರಲಿಲ್ಲ. ಬಸುರಿ ಗ್ರಹಣದ ಹೊತ್ತಿನಲ್ಲಿ ಏನನ್ನಾದರೂ ಕೊಯ್ದರೆ ಹೊಟ್ಟೆಯೊಳಗಿನ ಕೂಸಿನ ತುಟಿ ಸೀಳುತ್ತದೆ ಎಂಬುದು ಆ ಕಡೆಯ ನಂಬಿಕೆ. ಏಳನೆಯ ತಿಂಗಳಲ್ಲಿ, ಗ್ರಹಣ ಹಿಡಿದಾಗಲೇ, ಸೊಸೆ ಈಳಿಗೆಯ ಮುಂದೆ ಕೂತು ಉಳ್ಳಾಗಡ್ಡಿ ಹೆಚ್ಚಿದ್ದನ್ನು ಆಕೆ ಕಣ್ಣಾರೆ ಕಂಡಿದ್ದಳು. ನಾಡಿದ್ದು ಕೂಸನ್ನು ತೊಟ್ಟಿಲಿಗೆ ಹಾಕುವ ದಿನ. ಬಂದ ಮುತ್ತೈದೆಯರ ಮುಂದೆ ನೀಲಮ್ಮ ಎದ್ದು ನಿಂತು ‘ತಪ್ಪು ನನ್ನದು’ ಎನ್ನಬೇಕು, ಇಲ್ಲವಾದರೆ ತಾನು ಆ ತೊಟ್ಟಿಲು ಮುಟ್ಟುವುದಿಲ್ಲ ಎಂದು ಮಗನ ಕೈಯಲ್ಲಿ ಹೇಳಿ ಕಳಿಸಿದ್ದಳು.

ಆ ಮಾತನ್ನು ಹೊತ್ತುಕೊಂಡು ಬಸ್ಸು ಹತ್ತಿದ್ದ ಚನ್ನವೀರ ಅರ್ಧ ದಾರಿಯಲ್ಲಿ ಮಠದ ಮುಂದೆ ಇಳಿದುಬಿಟ್ಟಿದ್ದ. ಮುಂದಿನ ಬಸ್ಸು ನಾಲ್ಕೂವರೆಗೆ. ಅವನು ಗಳಿಗೆಗೊಮ್ಮೆ ಹೊಸ್ತಿಲಿಗೆ ಹೋಗಿ ರಸ್ತೆ ನೋಡಿ ಬರುತ್ತಿದ್ದ. ಬಸ್ಸು ಬರಲಿ ಎಂದೋ, ಬಾರದಿರಲಿ ಎಂದೋ ಅವನಿಗೇ ತಿಳಿಯದು.

ಒಂದು ಸಂಗತಿಯನ್ನು ಅವನು ಯಾರಿಗೂ ಹೇಳಿರಲಿಲ್ಲ. ಆ ದಿನ ಹಸಿದು ಬಂದು ರೊಟ್ಟಿಗೆ ಉಳ್ಳಾಗಡ್ಡಿ ಕೇಳಿದವನು ಅವನೇ. ನೀಲಮ್ಮ ಗ್ರಹಣವೆಂದು ಹಿಂಜರಿದಾಗ, ಇನ್ನೂ ಯಾವ ಕಾಲದಲ್ಲಿದ್ದೀ ಎಂದು ನಕ್ಕವನೂ ಅವನೇ.

ಗುರುಗಳು ಕಾವಿ ಉಡುವ ಮೊದಲು ವೈದ್ಯಕೀಯ ಕಾಲೇಜಿನಲ್ಲಿ ಭ್ರೂಣದ ಪಾಠ ಹೇಳಿದವರು. ಮಾತು ಒರಟು. ಅಳುತ್ತ ಬಂದವರಿಗೆ ಮೊದಲು ಬೈದು, ಆಮೇಲೆ ನೀರು ಕೊಡುವ ಪೈಕಿ. ಅಂದು ಬೈಯಲಿಲ್ಲ. ಒಂದು ಕತೆ ಹೇಳಿದರು.

ಒಂದು ಊರಿನವರು ಕೆರೆಗೆ ಏರಿ ಕಟ್ಟಿಸಲು ಹೊರಟರು. ಎರಡು ಬದಿಗೆ ಎರಡು ಗುಡ್ಡ, ನಡುವೆ ಒಂದು ದಿಬ್ಬ. ಮಣ್ಣು ಕೆಲಸದವರು ಮೂರು ಗುಂಪಾದರು. ಒಂದು ಗುಂಪು ದಿಬ್ಬದಿಂದ ಕೆಳಗೆ ಕಟ್ಟುತ್ತ ಬರಬೇಕು, ಉಳಿದೆರಡು ಗುಡ್ಡಗಳ ಕಡೆಯಿಂದ ಬರಬೇಕು. ಮೂರೂ ಒಂದು ಕಡೆ ಸೇರಿದರೆ ಏರಿ.

ಆ ಕೆಲಸದವರಿಗೆ ಒಂದು ಹಾಡಿತ್ತು. ಅಗೆಯುವುದು, ಹೊರುವುದು, ನೀರು ಚಿಮುಕಿಸುವುದು, ದಿಮ್ಮಸು ಹಾಕಿ ಗಟ್ಟಿ ಮಾಡುವುದು, ಕಲ್ಲು ಕೂರಿಸುವುದು, ತೂಬು ಇಡುವುದು ಎಲ್ಲವೂ ಆ ಹಾಡಿನಲ್ಲೇ ಇತ್ತು. ಪ್ರತಿಯೊಬ್ಬನಿಗೂ ಹಾಡು ಪೂರ್ತಿ ಬರುತ್ತಿತ್ತು. ಆದರೆ ಎಲ್ಲರೂ ಎಲ್ಲವನ್ನೂ ಹಾಡಿದರೆ ಕೆಲಸ ಕೆಟ್ಟಂತೆಯೇ. ಅದಕ್ಕಾಗಿ ಅಲ್ಲಲ್ಲಿ ಚರ್ಮದ ಹಲಗೆವಾದ್ಯ ಬಾರಿಸುವವರು ನಿಂತಿರುತ್ತಿದ್ದರು. ಹಲಗೆಯ ಪೆಟ್ಟು ಕೇಳಿದ ಗುಂಪು ಆ ಪೆಟ್ಟಿಗೆ ತಕ್ಕ ಸಾಲನ್ನು ಎತ್ತಿಕೊಂಡು ಆ ಕೆಲಸ ಮಾಡುತ್ತಿತ್ತು, ಪೆಟ್ಟು ನಿಂತರೆ ಬಿಡುತ್ತಿತ್ತು. ಒಂದೇ ಸಾಲಿಗೆ ಒಂದು ಕಡೆ ಹತ್ತು ಪೆಟ್ಟು, ಇನ್ನೊಂದು ಕಡೆ ಆರು. ಹಾಗಾಗಿ ಹಾಡು ಒಂದೇ ಇದ್ದರೂ ಅವರು ಕಟ್ಟಿದ ಏರಿಗಳು ಊರಿಗೊಂದು ಥರ ಇರುತ್ತಿದ್ದವು.

ಮೂರು ಗುಂಪೂ ಸೇರಬೇಕಾದ ದಿನ ಬಂತು. ಮಣ್ಣು ಹಸಿ ಇರುವಾಗಲೇ ಮುಟ್ಟಬೇಕು. ಒಣಗಿದ ಮಣ್ಣು ಹಸಿ ಮಣ್ಣನ್ನು ಹತ್ತಿರ ಸೇರಿಸುವುದಿಲ್ಲ. ಆ ಬೆಳಿಗ್ಗೆ ಮಂಜು ಬಿದ್ದು ಎಡಗುಡ್ಡದ ಹಲಗೆಯ ಚರ್ಮ ಸಡಿಲಾಯಿತು. ಪೆಟ್ಟು ಬಿತ್ತು, ದನಿ ಮಾತ್ರ ಏಳಲಿಲ್ಲ. ಬಿಸಿಲೇರಿ ಚರ್ಮ ಬಿಗಿಯುವ ಹೊತ್ತಿಗೆ ಅರ್ಧ ದಿನ ಹೋಗಿತ್ತು. ಎಡದ ಗುಂಪು ಓಡೋಡಿ ಬಂದು ಮಣ್ಣು ಸುರಿಯಿತು. ಅಷ್ಟರಲ್ಲಿ ದಿಬ್ಬದ ಕಡೆಯ ಅಂಚು ಒಣಗಿತ್ತು. ಮೇಲೆ ಒಂದಾದಂತೆ ಕಂಡರೂ ಒಳಗೆ ಹಿಡಿಯಲಿಲ್ಲ. ಕೆಲಸ ಮುಗಿಯಿತೆಂದು ಎಲ್ಲರೂ ಹೊರಟುಹೋದರು.

ತಿಂಗಳು ಕಳೆದ ಮೇಲೆ ನೀರು ಹೊರುವ ಒಬ್ಬ ಹೆಂಗಸು ಬರಿಗೊಡ ಹೊತ್ತು ಆ ಏರಿಯ ಮೇಲೆ ಹಾದಳು. ಬಿರುಕು ಕಂಡು, ದಾಟಿ, ಊರಿಗೆ ಬಂದು ಹೇಳಿದಳು. ಊರವರು ಏರಿಯನ್ನು ನೋಡಲಿಲ್ಲ, ಅವಳ ಕೊಡವನ್ನು ನೋಡಿದರು. ಬರಿಗೊಡ ಹೊತ್ತವಳು ದಾಟಿದ್ದಕ್ಕೇ ಏರಿ ಬಿರಿಯಿತು ಎಂದರು. ಇನ್ನು ಅವಳು ಈ ಕೆರೆಯ ನೀರು ಮುಟ್ಟಬಾರದು ಎಂದು ಊರಗೌಡ ಕಟ್ಟು ಮಾಡಿದ.

ಕತೆ ಇಲ್ಲಿಗೆ ಬರುವಷ್ಟರಲ್ಲಿ ಚನ್ನವೀರ ತನಗೆ ಗೊತ್ತಿಲ್ಲದೆಯೇ ಚಾಪೆಯ ಮೇಲೆ ಕೂತಿದ್ದ. ಅವನ ಮೊಣಕಾಲು ಮಾತ್ರ ಅಲುಗುತ್ತಲೇ ಇತ್ತು.

ಊರವರು ಕೆಲಸದವರ ಮುದುಕ ಯಜಮಾನನನ್ನು ಕರೆಸಿದರು. ಅವನು ಗೌಡನನ್ನು ಒಂದೇ ಮಾತು ಕೇಳಿದ. “ಈಕಿ ದಾಟಿದ್ದು ಯಾವತ್ತು, ಮಣ್ಣು ಕೂಡಿದ್ದು ಯಾವತ್ತು?” ಗೌಡ ಬೆರಳು ಮಡಚುತ್ತ ಹೋದವನು ನಡುವೆಯೇ ನಿಲ್ಲಿಸಿದ. ಮುದುಕ ಬಿರುಕಿನ ಒಣ ಅಂಚನ್ನು ಎರಡೂ ಕಡೆ ಕೆತ್ತಿ ತೆಗೆದ, ನೀರು ಹನಿಸಿ ಹಸಿ ಮಾಡಿದ, ಹೊಸ ಮಣ್ಣು ತುಂಬಿ ದಿಮ್ಮಸು ಹಾಕಿದ. ಆ ವರ್ಷ ಕೆರೆ ತುಂಬಿತು. ಏರಿ ಹಿಡಿಯಿತು.

ಗುರುಗಳು ಕತೆಯನ್ನು ಅಲ್ಲಿಗೆ ಮುಗಿಸಿದರು. ಚನ್ನವೀರನಿಗೆ ತಡೆಯಲಾಗಲಿಲ್ಲ.

“ಹಲಗಿ ಬಾರಿಸಿದಾಂವನ ತಪ್ಪೇನ್ರಿ ಹಂಗಾದ್ರ?”

“ಮಂಜಿಗೆ ಚರ್ಮ ಸಡ್ಲಾದ್ರ ಅಂವ ಏನ ಮಾಡ್ಯಾನು? ಕಾರಣ ಐತಿ. ತಪ್ಪು ಮಾಡಿದಾವ್ರು ಇಲ್ಲ. ನಿಮಗ ಕಾರಣ ಸಾಕಾಗೂದಿಲ್ಲ, ಕಟ್ಟಿಹಾಕಾಕ ಒಬ್ಬರು ಬೇಕು.” ಗುರುಗಳ ದನಿ ಈಗ ಏರಿತು. “ಕೂಸಿನ ಮುಖಾನೂ ಹಿಂಗ ಕಟ್ಟತೈತಿ. ಹಣಿ ಕಡೆಯಿಂದ ಒಂದು ಭಾಗ ಇಳೀತೈತಿ, ಎರಡೂ ಗಲ್ಲದ ಕಡೆಯಿಂದ ಒಂದೊಂದು ಬರತಾವ, ಮೂಗಿನ ಕೆಳಗ ಕೂಡತಾವ. ಜೀನ್ ಅಂತಾರಲ್ಲ, ಆ ಹಾಡು ಮೈಯಾಗಿನ ಎಲ್ಲಾ ಕಣಕ್ಕೂ ಪೂರಾ ಬರತೈತಿ. ಯಾವ ಸಾಲು ಎಲ್ಲಿ, ಯಾವಾಗ, ಎಷ್ಟು ಹೊತ್ತು ಅನ್ನೂದಕ್ಕ ಒಳಗ ಬ್ಯಾರೆ ಹಲಗಿ ಅದಾವ. ಒಂದು ಹಲಗಿ ತಡಾ ಆದ್ರ ತುಟಿ ಕೂಡೂದಿಲ್ಲ. ತುಟಿ ಕೂಡೂದು ಎರಡನೇ ತಿಂಗಳದಾಗ. ನಿನ್ನ ಗ್ರಹಣ ಎಷ್ಟನೇದ್ರಾಗ ಬಂತು?”

“ಏಳನೇದ್ರಾಗ್ರಿ.” ಅವನ ಮೊಣಕಾಲು ನಿಂತಿತು. ಆಮೇಲೆ ಬಾಯಿ ತಾನಾಗಿ ತೆರೆಯಿತು. “ಅಜ್ಜಾರ, ಉಳ್ಳಾಗಡ್ಡಿ ಹೆಚ್ಚಂದಾಂವ ನಾನ ರೀ. ಆಕಿ ಒಲ್ಲೆ ಅಂದಿದ್ಲು. ತಪ್ಪು ನಂದ ಅಂತ ಹನ್ನೊಂದು ದಿನಾ ನಿದ್ದಿಲ್ರಿ.”

“ಉಳ್ಳಾಗಡ್ಡಿ ತಿಂದದ್ದು ತಪ್ಪಲ್ಲ. ಹನ್ನೊಂದು ದಿನಾ ಆಕೀನ ಬೈಸಿಕೊಳ್ಳಾಕ ಬಿಟ್ಟು ನೀ ಬಾಯಿ ಮುಚಗೊಂಡು ಕುಂತಿ, ಅದು ತಪ್ಪು.”

ಚನ್ನವೀರ ತಲೆ ಎತ್ತಲಿಲ್ಲ. ನಾಚಿಕೆಯಿಂದ ಕಿವಿ ಸುಡುತ್ತಿತ್ತು. ಆದರೂ ಎದೆಯ ಮೇಲಿನ ಯಾವುದೋ ಭಾರ ಇಳಿದಂತಾಗಿತ್ತು. ದೂರದಲ್ಲಿ ಬಸ್ಸಿನ ಹಾರನ್ ಕೇಳಿಸಿತು. ಅವನು ಗಡಬಡಿಸಿ ಎದ್ದು, ಕೈಚೀಲ ಹೆಗಲಿಗೇರಿಸಿ, ಬಾಗಿಲವರೆಗೆ ಹೋಗಿ ಮತ್ತೆ ತಿರುಗಿದ.

“ನೀಲಮ್ಮನ ಮುಂದ ನಿಜಾ ಹೇಳತೀನ್ರಿ. ಎಲ್ಲಾರ ಮುಂದೂ ಹೇಳತೀನಿ. ಆದ್ರ ನಮ್ಮವ್ವ ಹಟಮಾರಿ, ಹಾಡು, ಹಲಗಿ ಅಂದ್ರ ಕೇಳಾಕಿ ಅಲ್ಲ. ಕೂಸಿನ ಸೀಳಿದ ಮಾರಿ ನಾ ನೋಡೂದಿಲ್ಲ ಅಂತಾಳ. ಆಕಿಗೆ ಏನಂತ ಹೇಳ್ಲಿ?”

ಗುರುಗಳು ಕೊಟ್ಟ ಉತ್ತರ ಒಂದೇ ಸಾಲಿನದು. ಅದನ್ನು ಕೇಳಿಕೊಂಡು ಚನ್ನವೀರ ಹೆಂಡತಿಯ ಊರಿನ ಬಸ್ಸಿಗೆ ಓಡಿದ.

“ಹೇಳಬ್ಯಾಡ, ನಿಮ್ಮವ್ವನ ಬೆರಳು ಹಿಡಿದು ಆಕೀದ ಮೂಗಿನ ಕೆಳಗಿನ ತಗ್ಗಿನ ಮ್ಯಾಲೆ ಇಡು, ತುಟಿ ಕೂಡಿದ ಗುರುತು ಅದು, ಹೊಟ್ಟ್ಯಾಗಿನ ಎರಡನೇ ತಿಂಗಳದಾಗ ಆಕೀ ತುಟೀನೂ ಸೀಳೇ ಇತ್ತು.”