ಲೋಟ ಕವುಚಿದ ಕಟ್ಟೆ

ಸೋನೆಪೇಟೆಗೆ ಬಂದವರು ಮೊದಲು ಕೇಳುವುದು ಮಳೆ ಯಾವಾಗ ನಿಲ್ಲುತ್ತದೆ ಎಂದು. ಊರಿನವರು ಅದಕ್ಕೆ ಉತ್ತರ ಕೊಡುವುದಿಲ್ಲ, ಕಾಫಿ ಕೊಡುತ್ತಾರೆ. ಘಟ್ಟದ ನೆತ್ತಿಯ ಈ ನಗರದ ರೀತಿಯೇ ಬೇರೆ. ಅಪರೂಪಕ್ಕೆ ಬಿಸಿಲು ಬಿದ್ದರೆ ಇಲ್ಲಿ ಅಂಗಡಿಗಳಿಗೆ ರಜೆ. ಜನ ಚಾಪೆ, ಹಾಸಿಗೆ, ಅಜ್ಜಿಯರು ಎಲ್ಲವನ್ನೂ ಹೊರಗೆ ತಂದು ಒಣಗಿಸಿಕೊಳ್ಳುತ್ತಾರೆ. ಉಳಿದ ದಿನ ಮೋಡ ಒಂದು ಬಾಗಿಲಿನಿಂದ ಒಳಗೆ ಬಂದು ಇನ್ನೊಂದರಿಂದ ಹೊರಗೆ ಹೋಗುತ್ತಿರುತ್ತದೆ. ಹುರಿದ ಬೀಜದ ಪರಿಮಳದಲ್ಲಿ ಹೊತ್ತು ಎಷ್ಟಾಯಿತೆಂದು ಮರೆತ ಪ್ರವಾಸಿಗರು ಮೆಟ್ಟಿಲು ಮೆಟ್ಟಿಲಾದ ಬೀದಿಗಳಲ್ಲಿ ಸುಮ್ಮನೆ ಇಳಿಯುತ್ತಾರೆ. ಹಾಗೆ ಇಳಿಯುತ್ತ ಕೆಳಪೇಟೆಯ ಕೊನೆಗೆ ಬಂದರೆ, ಹಳೆಯ ಕಾಫಿ ಅಂಗಡಿಯೊಂದರ ಮುಂದೆ ಮೊಣಕಾಲೆತ್ತರದ ಕಲ್ಲುಕಟ್ಟೆ ಕಾಣುತ್ತದೆ. ಅದನ್ನು ಲೋಟ ಕವುಚಿದ ಕಟ್ಟೆ ಎನ್ನುತ್ತಾರೆ.

ಹಿಂದೆ ಒಮ್ಮೆ, ಘಟ್ಟಕ್ಕೆ ಗಾಡಿರಸ್ತೆ ಇಲ್ಲದ ಕಾಲದಲ್ಲಿ, ಈ ಅಂಗಡಿಯನ್ನು ದ್ಯಾವಮ್ಮ ಎಂಬಾಕೆ ನಡೆಸುತ್ತಿದ್ದಳು. ಅವಳ ಗಂಡ ಮುದ್ದೇಗೌಡ ಎತ್ತುಗಳ ಬೆನ್ನಿಗೆ ಕಾಫಿಬೀಜದ ಮೂಟೆ ಹೇರಿಕೊಂಡು ಕರಾವಳಿಗೆ ಇಳಿಯುತ್ತಿದ್ದ. ಅವನ ಜೊತೆಗಾರ ಹೊಂಬಯ್ಯ. ಊರಿನಲ್ಲಿ ಆಗ ಒಂದು ಕಟ್ಟುನಿಟ್ಟಿನ ನಡಾವಳಿ ಇತ್ತು, ಬಹುಪಾಲು ಇಂದಿಗೂ ಇದೆ. ಬಂದವರು ಕಾಫಿ ಕುಡಿದು ಲೋಟ ಖಾಲಿ ಮಾಡುವವರೆಗೆ ಬಂದ ಕಾರಣವನ್ನು ಮನೆಯವರು ಕೇಳುವಂತಿಲ್ಲ, ಬಂದವರು ಹೇಳುವಂತಿಲ್ಲ. ಲೋಟದಲ್ಲಿ ಕಾಫಿ ಇರುವಾಗ ಆಡಿದ ಒಳ್ಳೆಯ ಸುದ್ದಿ ಕೆಟ್ಟುಹೋಗುತ್ತದೆ ಎಂಬ ನಂಬಿಕೆ. ಅರ್ಧಕ್ಕೆ ಬಿಟ್ಟು ಎದ್ದರಂತೂ ಕೊಟ್ಟವರ ಮುಖಕ್ಕೆ ಹೊಡೆದ ಹಾಗೆ. ಇಂಥ ಮಳೆಯಲ್ಲಿ ಯಾರಿಗೆ ತಾನೆ ಅವಸರ? ಅದು ಹಾಗೆಯೇ ನಡೆದುಕೊಂಡು ಬಂದಿತ್ತು.

ಒಂದು ಆಷಾಢದ ಬೆಳಿಗ್ಗೆ ಹೊಂಬಯ್ಯ ಒಬ್ಬನೇ ಏದುಸಿರು ಬಿಡುತ್ತ ಘಟ್ಟ ಹತ್ತಿ ಬಂದ. ಕೆಳಗೆ ಹೊಳೆಯ ದಾರಿಯಲ್ಲಿ ಮರ ಉರುಳಿ ಮುದ್ದೇಗೌಡನ ಎದೆಗೆ ಬಿದ್ದಿತ್ತು. ದೋಣಿಯವರು ಅವನನ್ನು ದಡದ ಛತ್ರದಲ್ಲಿ ಮಲಗಿಸಿದ್ದರು. ಹೊಂಬಯ್ಯ ಹೊರಡುವಾಗ ಅವನು ತನ್ನ ಕಂಬಳಿಯನ್ನು ಕೊಟ್ಟು, "ಅವಳನ್ನ ಕರ್ಕಂಡು ಬಾ, ಬೇಗ" ಎಂದಿದ್ದ. ಬದುಕಿದ್ದಾನೆ, ಆದರೆ ಹೊತ್ತಿಲ್ಲ. ಈ ಒಂದು ಮಾತನ್ನು ಬಾಯಲ್ಲೇ ಇಟ್ಟುಕೊಂಡು ಹೊಂಬಯ್ಯ ಕಟ್ಟೆಯ ಮೇಲೆ ಕುಸಿದು ಕುಳಿತ. ದ್ಯಾವಮ್ಮ ಒಬ್ಬನೇ ಬಂದವನನ್ನು ನೋಡಿದಳು, ಅವನ ಹೆಗಲ ಮೇಲಿದ್ದ ಗಂಡನ ಕಂಬಳಿಯನ್ನು ನೋಡಿದಳು. ಏನೂ ಕೇಳದೆ ಕಂಚಿನ ಲೋಟಕ್ಕೆ ಬೆಲ್ಲದ ಕಾಫಿ ಹೊಯ್ದಳು.

ಹೊಂಬಯ್ಯ ನಾಲಿಗೆ ಸುಟ್ಟುಕೊಂಡು ಗಟಗಟನೆ ಕುಡಿದ. ಇನ್ನೊಂದು ಗುಟುಕು ಉಳಿದಿದೆ ಎನ್ನುವಾಗ ಚೊಂಬು ಮತ್ತೆ ಬಾಗಿತು. "ಸಾಕು ಅತ್ತಿಗಮ್ಮ" ಎಂದರೆ, "ನೆಂದು ಬಂದಿದೀಯ, ಕುಡಿ" ಎಂದಳು. ಮೂರಾಯಿತು, ನಾಲ್ಕಾಯಿತು. ಹೊಯ್ಯುತ್ತ ಹೊಯ್ಯುತ್ತ ಅವಳು ಏನೇನೋ ಹೇಳುತ್ತಿದ್ದಳು. ಗಂಡ ಮೊದಲ ಸಲ ಈ ಅಂಗಡಿಗೆ ಬಂದು ಬೆಲ್ಲ ಮರೆತ ಕಾಫಿಯನ್ನು ಚೆನ್ನಾಗಿದೆ ಎಂದು ಕುಡಿದದ್ದು, ಮಂಜಿನಲ್ಲಿ ಪಕ್ಕದ ಮನೆಯನ್ನು ತನ್ನ ಮನೆಯೆಂದು ಹೊಕ್ಕು ಉಂಡು ಬಂದದ್ದು. ಮಂಜು ಕಟ್ಟೆಯನ್ನು ಸುತ್ತಿಕೊಂಡಿತು. ಓಡಿ ದಣಿದಿದ್ದ ಹೊಂಬಯ್ಯನಿಗೆ ಆ ದನಿ ಕೇಳುತ್ತ ಕೇಳುತ್ತ ಮುದ್ದೇಗೌಡ ಅಲ್ಲೇ ಒಲೆಯ ಪಕ್ಕ ಕುಳಿತು ನಗುತ್ತಿರುವಂತೆ ಕಂಡಿತು. ಎಷ್ಟು ಸುಖದ ಮಂಪರು ಅದು! ಹೇಳಿಬಿಡಲೇ ಎಂದು ಎರಡು ಸಲ ಬಾಯಿ ತೆರೆದ; ಹೇಳಿದರೆ ಬದುಕಿರುವವನಿಗೆ ಏನಾದೀತೋ ಎಂದು ಹೆದರಿ ಮುಚ್ಚಿದ.

ಏಳನೆಯ ಲೋಟ ತುಂಬುವಾಗ ಅವಳ ಎಡಗೈ ಕಂಬಳಿಯ ಅಂಚನ್ನು ಸವರುತ್ತಿರುವುದು ಅವನ ಕಣ್ಣಿಗೆ ಬಿತ್ತು. ಆಗ ಹೊಂಬಯ್ಯನಿಗೆ ಎಲ್ಲ ತಿಳಿಯಿತು. ನನ್ನ ಲೋಟ ಖಾಲಿಯಾದ ಗಳಿಗೆ ತಾನು ವಿಧವೆ ಎಂದು ಇವಳು ಎಣಿಸಿಕೊಂಡಿದ್ದಾಳೆ! ಅವನು ತುಂಬಿದ ಲೋಟವನ್ನು ಕಟ್ಟೆಯ ಮೇಲೆ ದಬಕ್ಕನೆ ಕವುಚಿದ. ಊರು ಹುಟ್ಟಿದಾಗಿನಿಂದ ಯಾರೂ ಮಾಡದ ಕೆಲಸ ಅದು. "ಅಣ್ಣ ಸತ್ತಿಲ್ಲ ಅತ್ತಿಗಮ್ಮ! ನಿನ್ನ ದಾರಿ ನೋಡ್ತಾ ಬಿದ್ದಿದಾನೆ, ಏಳು!" ಎಂದು ಕೂಗಿದ.

ದ್ಯಾವಮ್ಮ ಬರಿಗಾಲಲ್ಲಿ ಘಟ್ಟ ಇಳಿದಳು. ಛತ್ರದಲ್ಲಿ ಮುದ್ದೇಗೌಡನ ಕಣ್ಣು ಇನ್ನೂ ಬಾಗಿಲ ಕಡೆಗೇ ಇತ್ತು. "ಬಂದ್ಯಾ?" ಎಂದ. ಅವರಿಬ್ಬರಿಗೆ ಆಮೇಲೆ ಸಿಕ್ಕಿದ್ದು ಒಂದು ಲೋಟ ಕಾಫಿ ಕುಡಿಯುವಷ್ಟು ಹೊತ್ತು ಎನ್ನುತ್ತಾರೆ. ಹೊಂಬಯ್ಯ ಅವಳ ಕಾಲ ಬಳಿ ಕುಳಿತು ಅತ್ತಾಗ, ಅವಳು ಹೇಳಿದ್ದಿಷ್ಟೇ: "ನೀನು ಕುಡಿದದ್ದು ತಪ್ಪಲ್ಲ ಕಣಪ್ಪ, ನಾನು ಹೊಯ್ದದ್ದು ತಪ್ಪು."

ಇಂದು ಸೋನೆಪೇಟೆಯ ಬೇರೆ ಎಲ್ಲ ಅಂಗಡಿಗಳಲ್ಲೂ ಮೊದಲು ಕಾಫಿ, ಆಮೇಲೆ ಮಾತು. ಈ ಕಟ್ಟೆಯ ಮೇಲೆ ಕುಳಿತವರ ಎದುರು ಮಾತ್ರ ಅಂಗಡಿಯ ಹೆಂಗಸು ಚೊಂಬು ಹಿಡಿದು ನಿಂತು, "ಮನೇಲಿ ಎಲ್ಲಾ ಆರಾಮಾ?" ಎಂದು ಕೇಳುತ್ತಾಳೆ. ಪ್ರವಾಸಿಗರು ಉಪಚಾರದ ಮಾತೆಂದುಕೊಂಡು ತಲೆಯಾಡಿಸುತ್ತಾರೆ. ಅವಳು ಹೊಯ್ಯುವುದಿಲ್ಲ, ಬಾಯಿಬಿಟ್ಟು ಹೇಳುವವರೆಗೆ ಕಾಯುತ್ತಾಳೆ. ಆರಾಮ ಎನ್ನಹೊರಟವರು ಎಷ್ಟೋ ಸಲ ಅಲ್ಲಿಗೇ ತಡೆದು, ಫೋನ್ ತೆಗೆದುಕೊಂಡು ಮಳೆಗೆ ಎದ್ದುಹೋಗುವುದುಂಟು. ಅವರು ಮಾತಾಡಿ ಬರುವವರೆಗೆ ಕಾಫಿ ಒಲೆಯ ಮೇಲೇ ಇರುತ್ತದೆ.