ಪಕ್ಕದೆಲೆಯ ಲಾಡು

ಹೊಳೆದಂಡೆಯ ಆ ಆಶ್ರಮದಲ್ಲಿ ಒಂದು ವಿಚಿತ್ರ ಕಟ್ಟಳೆಯಿತ್ತು. ವರ್ಷದ ಪಾಠ ಮುಗಿದ ದಿನ ಪಂಕ್ತಿಯಲ್ಲಿ ಕೂತ ಪ್ರತಿಯೊಬ್ಬನಿಗೂ ಒಂದಾದರೂ ಲಾಡು ಬೀಳಲೇಬೇಕು. ಪಕ್ಕದವನಿಗಿಂತ ಹೆಚ್ಚು ಕಲಿತವನಿಗೆ ಪಕ್ಕದವನಿಗಿಂತ ಹೆಚ್ಚು ಬೀಳಬೇಕು. ಇಲ್ಲದಿದ್ದರೆ ಮಹಾಜ್ಞಾನಿಗಳ ಮುಖ ಊದಿಕೊಳ್ಳುತ್ತದೆ.

ಆ ವರ್ಷ ಬಡಿಸುವ ಪಾಳಿ ಅಡುಗೆಮನೆಯ ಶಿಷ್ಯ ಬಸಲಿಂಗನದು.

"ಬುಟ್ಟಿಯಲ್ಲಿರುವಷ್ಟೇ ಲಾಡು," ಎಂದರು ಗುರು ಸಿದ್ಧಮಲ್ಲರು. "ಎಲ್ಲರಿಗೂ ಸರಿಹೋದರೆ ನಾಳೆಯಿಂದ ನಿನಗೂ ಪಾಠ. ಸಾಲದೆ ಬಂದರೆ ಇನ್ನೊಂದು ವರ್ಷ ಒಲೆ ಊದು."

ಹೊಗೆ ಕುಡಿದು ಕುಡಿದು ಸಾಕಾಗಿದ್ದ ಬಸಲಿಂಗ ಕೈ ಬಿಗಿಹಿಡಿದೇ ಬಡಿಸಿದ. ಎಡತುದಿಯಿಂದ ಹೊರಟ. ಎಡಗಡೆಯವನಿಗಿಂತ ಜಾಣನಾದರೆ ಅವನಿಗಿಂತ ಒಂದು ಹೆಚ್ಚು, ಇಲ್ಲವಾದರೆ ಒಂದೇ ಒಂದು. ಬಲತುದಿ ಮುಟ್ಟಿದಾಗ ಬುಟ್ಟಿಯಲ್ಲಿ ಇನ್ನೂ ಲಾಡುಗಳಿದ್ದವು. ಗೆದ್ದೆ ಎಂದುಕೊಂಡ, ಪಾಪ.

ಎಡತುದಿಯ ಚನ್ನವೀರ ಗೊಣಗಿದ. "ನನ್ನ ಬಲಗಡೆಯವನು ನನಗಿಂತ ದಡ್ಡ. ಇಬ್ಬರಿಗೂ ಒಂದೊಂದೇ ಏನು?"

ಬಸಲಿಂಗ ಓಡಿ ಬಂದು ಅವನಿಗೆ ಇನ್ನೊಂದು ಹಾಕಿದ.

ಆಗ ಆ ದಡ್ಡ ಬಾಯಿಬಿಟ್ಟ. "ನನ್ನ ಬಲಗಡೆಯವನು ಶುದ್ಧ ಪೆದ್ದ. ನನಗೆ?"

ಅವನಿಗೂ ಹಾಕಿದ. ಈಗ ಇಬ್ಬರೂ ಸಮ. ಚನ್ನವೀರನ ಮುಖ ಮತ್ತೆ ಊದಿತು.

ಬಸಲಿಂಗನಿಗೆ ಅಳುವೇ ಬಂತು. "ಗುರುಗಳೇ, ಇದು ತಕ್ಕಡಿಯಲ್ಲಿ ಕಪ್ಪೆ ತೂಗಿದ ಹಾಗಾಯಿತು."

ಗುರುಗಳು ಅವನ ರಟ್ಟೆ ಹಿಡಿದು ಬಲತುದಿಗೆ ಕರೆದೊಯ್ದು, ಮುಖ ತಿರುಗಿಸಿ ನಿಲ್ಲಿಸಿದರು.

"ಹೋಗುವಾಗ ಎಡಗಡೆಯವನನ್ನಷ್ಟೇ ನೋಡಿದೆ. ಬಂದ ದಾರಿಗೆ ಸುಂಕವಿಲ್ಲ ತಾನೆ? ಬಲಗಡೆಯವನನ್ನು ನೋಡುತ್ತ ಹಿಂದಕ್ಕೆ ನಡಿ."

ನಡೆದ. ಬಲಗಡೆಯವನಿಗಿಂತ ಜಾಣನ ಎಲೆಯಲ್ಲಿ ಆಗಲೇ ಹೆಚ್ಚಿದ್ದರೆ ಸುಮ್ಮನೆ ದಾಟಿದ. ಇಲ್ಲದಿದ್ದರೆ ಒಂದು ಹೆಚ್ಚಾಗುವಷ್ಟು ಮಾತ್ರ ಹಾಕಿದ. ಎಡತುದಿ ಮುಟ್ಟುವಷ್ಟರಲ್ಲಿ ಗೊಣಗಾಟ ನಿಂತು ಎಲ್ಲರ ಬಾಯಿಯೂ ತುಂಬಿತ್ತು.

ಊಟ ಮುಗಿಸಿ ಎಲ್ಲರೂ ಎದ್ದರು. ಬಡಿಸಿದವನೂ ಗುರುಗಳೂ ಕೊನೆಗೆ ಉಣ್ಣುವುದು ಅಲ್ಲಿಯ ರೂಢಿ. ಬಸಲಿಂಗ ಅಕ್ಕಪಕ್ಕ ಎಲೆ ಹಾಕಿ ಬುಟ್ಟಿಗೆ ಕೈಯಿಟ್ಟ. ಉಳಿದಿದ್ದು ಎರಡೇ ಲಾಡು.

"ನನಗೆ ಒಂದಾದರೂ ಬೀಳಬೇಕು. ನನ್ನ ಪಕ್ಕ ಕೂತ ನಿಮಗೆ ನನಗಿಂತ ಹೆಚ್ಚು ಬೀಳಬೇಕು," ಎಂದ. "ಮೂರಿಲ್ಲದೆ ಆಗುವುದಿಲ್ಲ. ಕೆಟ್ಟೆ, ಗುರುಗಳೇ. ಮತ್ತೆ ಒಲೆಯೇ ಗತಿ."

ಸಿದ್ಧಮಲ್ಲರು ತಮ್ಮ ಎಲೆ ಎತ್ತಿಕೊಂಡರು. ಅಂಗಳದ ಆಚೆ ತುದಿಗೆ ಹೋಗಿ ಅವನಿಗೆ ಬೆನ್ನು ಹಾಕಿ ಕೂತರು.

"ಒಂದು ಹಾಕು, ಸಾಕು," ಎಂದರು. "ಇಲ್ಲಿ ಪಕ್ಕದಲ್ಲಿ ಯಾರೂ ಇಲ್ಲ."