ಬೇಲಿಯ ಬಳಿ ನಿಂತ ಕುದುರೆಗಳು

“ಅಜ್ಜಾರೇ, ನಾನು ಹೋದರೆ ಇದರ ಗತಿಯೇನು?”

ಅಡಿವೆಪ್ಪ ಈ ಪ್ರಶ್ನೆ ಕೇಳಿದ್ದು ಹುಲ್ಲಿನ ಬಣವೆಯ ಹಿಂದೆ ಕುಕ್ಕರಗಾಲಿನಲ್ಲಿ ಕೂತುಕೊಂಡು. ಹೆಗಲಲ್ಲಿ ಜೋಳಿಗೆ, ಕೈಯಲ್ಲಿ ಕೋಲು, ತಲೆಯ ತುಂಬ ಹೊಟ್ಟು.

ಆ ಮಠದ ಪದ್ಧತಿ ಹೀಗಿತ್ತು. ಸುಗ್ಗಿ ಮುಗಿದ ಮೇಲೆ ಶಿಷ್ಯ ಜೋಳಿಗೆ ಹಿಡಿದು ಹೊರಡಬೇಕು. ಊರೂರು ತಿರುಗಬೇಕು. ಮತ್ತೆ ಮಠದ ಹೊಸ್ತಿಲು ತುಳಿಯುವುದು ಮುಂಗಾರು ಬಿದ್ದ ಮೇಲೆ. ಅಡಿವೆಪ್ಪ ಹೊರಟು ಊರ ಹೊರಗಿನ ಹಳ್ಳವನ್ನೂ ದಾಟಿದ್ದ. ಕೋಲು ಮರೆತೆನೆಂದು ಹಿಂದಿರುಗಿದ. ಮತ್ತೆ ಹೊರಟ, ಮಠದ ಹೆಣ್ಣುಕುದುರೆಗೆ ಹುರುಳಿಯನ್ನು ನೆನೆಸಿಯೇ ಕೊಡಬೇಕೆಂದು ಹೇಳಿಹೋಗಲು ಬಂದ. ಮೂರನೆಯ ಸಲ ಹಿಂದಿರುಗಿದಾಗ ಹೇಳಲು ಏನೂ ಉಳಿದಿರಲಿಲ್ಲ. ಅದಕ್ಕೇ ಯಾರಿಗೂ ಕಾಣದಂತೆ ಬಣವೆಯ ಹಿಂದೆ ಕೂತು, ಬೆಳಗಿನಿಂದ ಲಾಯದ ಕಡೆ ಇಣುಕುತ್ತಿದ್ದ. ಹುಲ್ಲು ಹಿರಿಯಲು ಬಂದ ಗುರುಗಳ ಕೈಗೆ ಹುಲ್ಲಿನ ಬದಲು ಅವನ ಜುಟ್ಟು ಸಿಕ್ಕಿತು.

ಊರೆಲ್ಲ ಅಜ್ಜಾರು ಎಂದು ಕರೆಯುತ್ತಿದ್ದ ಆ ಗುರುಗಳಿಗೆ ಅಜ್ಜನ ವಯಸ್ಸೇನೂ ಆಗಿರಲಿಲ್ಲ. ಗಡ್ಡದಲ್ಲಿ ಅರ್ಧ ಇನ್ನೂ ಕಪ್ಪಿತ್ತು. ಅವರ ಕತೆಗಳಲ್ಲಿ ನಿಜವೆಷ್ಟು ಎಂದು ಯಾರೂ ಕೇಳುತ್ತಿರಲಿಲ್ಲ. ಕೇಳಿದವರು ಇನ್ನೊಂದು ಕತೆ ಕೇಳಬೇಕಾಗುತ್ತಿತ್ತು.

“ಭಲೇ! ದೇಶ ಸುತ್ತಲು ಹೊರಟವನು ಬಣವೆಯವರೆಗೆ ಮುಟ್ಟಿದ್ದೀಯಲ್ಲೋ,” ಎಂದರು ಅಜ್ಜಾರು.

“ನಗಬೇಡಿ ಅಜ್ಜಾರೇ. ಅಲ್ಲಿ ನೋಡಿ. ಬೆಳಿಗ್ಗೆ ಹಾಕಿದ ಮೇವು ಗೋದಲಿಯಲ್ಲಿ ಹಾಗೇ ಬಿದ್ದಿದೆ. ಒಂದು ಎಸಳು ಮುಟ್ಟಿಲ್ಲ. ಹೊಟ್ಟೆಯಲ್ಲಿ ಮರಿ ಬೇರೆ ಇದೆ. ಅದರ ತಾಯಿ ಸತ್ತ ದಿನದಿಂದ ಆಡಿನ ಹಾಲು ಕುಡಿಸಿ ಸಾಕಿದವನು ನಾನು. ನಾನು ಹೋದರೆ ಅದು ಉಪವಾಸ ಬಿದ್ದು ಸಾಯುತ್ತದೆ. ಹೋಗದಿದ್ದರೆ ನಾನು ಮಠದ ಶಿಷ್ಯನಲ್ಲ. ಏನು ಮಾಡಲಿ?”

ಅಜ್ಜಾರು ಅವನ ಪಕ್ಕದಲ್ಲೇ ಹುಲ್ಲು ಹರಡಿಕೊಂಡು ಕೂತರು.

“ಉತ್ತರದ ಕೊನೆಯಲ್ಲಿ ಐಸ್‌ಲ್ಯಾಂಡ್ ಎಂಬ ದ್ವೀಪವಿದೆ,” ಎಂದರು.

“ನೀವು ಹೋಗಿದ್ದಿರಾ?”

“ಇಲ್ಲ. ಹಡಗಿನಲ್ಲಿ ಅಡುಗೆ ಮಾಡುತ್ತಿದ್ದವನೊಬ್ಬ ಹೇಳಿದ್ದು. ಅಡುಗೆಯವರು ಉಪ್ಪು ಜಾಸ್ತಿ ಹಾಕಬಹುದು, ಸುಳ್ಳು ಹೇಳುವುದಿಲ್ಲ. ಕೇಳು.”

ಆ ದ್ವೀಪದಲ್ಲಿ ಒಬ್ಬ ರೈತನಿದ್ದ. ಅವನಿಗೊಂದು ಸಣ್ಣ ಕುದುರೆ ಹಿಂಡು. ಆ ಕುದುರೆಗಳು ನಮ್ಮ ಕತ್ತೆಗಿಂತ ಚೂರು ಎತ್ತರ; ಆದರೆ ಅದನ್ನು ಅಲ್ಲಿನವರ ಎದುರು ಹೇಳಿದರೆ ಊಟ ಹಾಕುವುದಿಲ್ಲ. ಮೈತುಂಬ ಕರಡಿಯ ಹಾಗೆ ಕೂದಲು. ಅವುಗಳಿಗೊಂದು ವಿಶೇಷ ನಡಿಗೆಯಿದೆ. ಎಷ್ಟು ಜೋರಾಗಿ ಹೋದರೂ ಮೇಲೆ ಕೂತವನ ಕೈಯಲ್ಲಿನ ಮಜ್ಜಿಗೆ ತುಳುಕುವುದಿಲ್ಲ.

ಚಳಿಗಾಲವೆಲ್ಲ ರೈತನ ಬಾಳು ಆ ಹಿಂಡಿನ ಜೊತೆಗೇ. ಬೆಳಗಾದರೆ ತೊಟ್ಟಿಯ ನೀರಿನ ಮೇಲಿನ ಮಂಜುಗಡ್ಡೆ ಒಡೆಯುವನು. ಹುಲ್ಲು ಹೊತ್ತು ತರುವನು. ಗೊರಸಿಗೆ ಮೆತ್ತಿಕೊಂಡ ಹಿಮವನ್ನು ಕೆತ್ತಿ ತೆಗೆಯುವನು. ಯಾವುದಕ್ಕೆ ಎಲ್ಲಿ ತುರಿಸಿದರೆ ಸುಖ ಎಂದು ಅವನಿಗೆ ಗೊತ್ತಿತ್ತು. ಹಿಂಡಿಗೆ ದಾರಿ ತೋರಿಸುವುದು ಒಂದು ಬೂದುಬಣ್ಣದ ಮುದಿ ಹೆಣ್ಣುಕುದುರೆ. ಅದು ಹೆಜ್ಜೆ ಎತ್ತಿದರೆ ಉಳಿದವು ಹೆಜ್ಜೆ ಎತ್ತುತ್ತಿದ್ದವು. ಆ ವರ್ಷ ಅದಕ್ಕೊಂದು ಮರಿಯೂ ಆಗಿತ್ತು.

ಬೇಸಿಗೆ ಬಂದಾಗ ಅಲ್ಲೊಂದು ಕಟ್ಟಳೆ. ಕಣಿವೆಯವರೆಲ್ಲ ತಮ್ಮ ಕುದುರೆಗಳನ್ನು ಎತ್ತರದ ಬೆಟ್ಟದ ಹುಲ್ಲುಗಾವಲಿಗೆ ಹೊಡೆದು, ಬೇಲಿಯ ಬಾಗಿಲು ಹಾಕಿ ಬರುತ್ತಾರೆ. ಆಮೇಲೆ ಯಾರೂ ಹತ್ತಿ ನೋಡುವುದಿಲ್ಲ. ಚಳಿ ಶುರುವಾಗುವ ಮುಂಚೆ ಊರೇ ಒಟ್ಟಾಗಿ ಹೋಗಿ, ಎಲ್ಲವನ್ನೂ ಕೆಳಗಿಳಿಸಿ, ಕಲ್ಲಿನ ದುಂಡು ದೊಡ್ಡಿಯೊಂದರಲ್ಲಿ ಕೂಡಿ, ಅವರವರ ಕುದುರೆ ಅವರವರು ಆರಿಸಿಕೊಳ್ಳುತ್ತಾರೆ. ಅಲ್ಲಿಯವರೆಗೆ ಹಿಂಡು ತನ್ನ ಪಾಡಿಗೆ ತಾನು.

ಈ ರೈತನೂ ಬಿಟ್ಟುಬಂದ. ಬಂದವನಿಗೆ ಕೂತಲ್ಲಿ ಕೂರಲಾಗಲಿಲ್ಲ. ಆ ದೇಶದಲ್ಲಿ ಬೇಸಿಗೆಯಲ್ಲಿ ಕತ್ತಲಾಗುವುದೇ ಇಲ್ಲ. ನಿದ್ದೆ ಬಾರದವನಿಗೆ ಅದಕ್ಕಿಂತ ಕೆಟ್ಟ ಊರು ಇನ್ನೊಂದಿಲ್ಲ. ಅಂಗಳಕ್ಕೆ ಹೋಗುವನು, ಒಳಗೆ ಬರುವನು, ಖಾಲಿ ತೊಟ್ಟಿಗೆ ನೀರು ತುಂಬುವನು. ಕೊನೆಗೊಂದು ದಿನ ಕಿಸೆಯಲ್ಲಿ ಕಪ್ಪು ರೊಟ್ಟಿಯ ಚೂರು ತುಂಬಿಕೊಂಡು ಬೆಟ್ಟ ಹತ್ತಿದ. ಬೇಲಿಯ ಬಳಿ ನಿಂತು ಕರೆದ. ದೂರದ ಇಳಿಜಾರಿನಲ್ಲಿ ಮೇಯುತ್ತಿದ್ದ ಬೂದು ಕುದುರೆ ತಲೆ ಎತ್ತಿತು. ಹಿಂಡಿಗೆ ಹಿಂಡೇ ಓಡಿಬಂತು.

ರೈತ ಕುಣಿಯುತ್ತ ಮನೆಗೆ ಬಂದು ಹೆಂಡತಿಗೆ ಹೇಳಿದ: “ನೋಡಿದೆಯಾ, ನನ್ನ ಮೇಲೆ ಅವಕ್ಕೆ ಪ್ರಾಣ!”

“ಪ್ರಾಣ ನಿನ್ನ ಮೇಲೋ, ರೊಟ್ಟಿಯ ಮೇಲೋ?” ಎಂದಳು ಹೆಂಡತಿ.

ಆ ಮಾತು ಅವನಿಗೆ ಮುಳ್ಳಿನಂತೆ ಚುಚ್ಚಿತು. ಮರುದಿನ ಬರಿಗೈಯಲ್ಲಿ ಹೋಗಿ ಕರೆದ. ಆಗಲೂ ಬಂದವು. ಅವನ ಬರಿ ಅಂಗೈಯನ್ನೇ ಮೂಸಿ, ಅಲ್ಲೇ ನಿಂತವು. ಇನ್ನು ಅವನನ್ನು ತಡೆಯುವವರು ಯಾರು? ದಿನಾ ಹೋದ.

“ಆ ಬೇಲಿಯ ತಂತಿಯನ್ನು ನಾನೇ ಮುಟ್ಟಿ ನೋಡಿದ್ದೇನೆ,” ಎಂದು ಅಜ್ಜಾರು ನಡುವೆ ಸೇರಿಸಿದರು. “ಚಳಿಗೆ ಕೈ ಅಂಟಿಕೊಂಡುಬಿಟ್ಟಿತು.”

“ಹೋಗಿಲ್ಲ ಎಂದಿರಲ್ಲ?”

“ಆಗ ಹೋಗಿರಲಿಲ್ಲ. ಮುಂದೆ ಕೇಳು.”

ದಿನಾ ಬರುವವನಿಗಾಗಿ ಕುದುರೆಗಳು ದಿನಾ ಕಾಯತೊಡಗಿದವು. ದೂರ ಹೋಗುವುದನ್ನು ಬಿಟ್ಟವು. ಬೇಲಿಯ ಪಕ್ಕದ ಹುಲ್ಲನ್ನು ಬುಡದವರೆಗೆ ಕಚ್ಚಿ ತಿಂದು, ಅಲ್ಲೇ ನಿಂತವು. ಪಕ್ಕೆಲುಬು ಕಾಣತೊಡಗಿದವು. ರೈತ ನೆಲ ನೋಡಿದ, ಕುದುರೆ ನೋಡಿದ, ಎದೆ ಒಡೆದುಕೊಂಡ. “ಅಯ್ಯೋ, ಬೆಟ್ಟದಲ್ಲಿ ಮೇವೇ ಇಲ್ಲ! ನಾನು ಬಾರದಿದ್ದರೆ ಇವು ಉಳಿಯುತ್ತಿದ್ದವೇ?” ಎಂದ. ಚಳಿಗಾಲಕ್ಕೆಂದು ಒಣಗಿಸಿಟ್ಟ ಹುಲ್ಲಿನ ಹೊರೆ ಕಟ್ಟಿದ.

ಹೆಂಡತಿ ಬಾಗಿಲಲ್ಲಿ ನಿಂತು ಹೇಳಿದಳು: “ಹುಲ್ಲುಗಾವಲಿಗೆ ಹುಲ್ಲು ಹೊರುವವನನ್ನು ಇವತ್ತೇ ಕಂಡೆ. ಹಾಗೇ ಸಮುದ್ರಕ್ಕೂ ಒಂದು ಕೊಡ ನೀರು ಹೊತ್ತು ಹಾಕಿ ಬಾ.”

ಅವನು ಕಿವಿಗೆ ಹಾಕಿಕೊಳ್ಳಲಿಲ್ಲ.

ಆ ವರ್ಷ ಹಿಮ ಬೇಗ ಬಂತು. ಕುದುರೆಗಳನ್ನು ಇಳಿಸುವ ದಿನ ಇನ್ನೂ ದೂರವಿತ್ತು. ಊರವರಾರೂ ಗಾಬರಿಯಾಗಲಿಲ್ಲ. ಬೆಟ್ಟದ ಆಚೆ ಬಿಸಿನೀರು ಉಕ್ಕುವ ಒಂದು ತಗ್ಗಿದೆ. ಅಲ್ಲಿನ ನೆಲ ಬೆಚ್ಚಗಿರುವುದರಿಂದ ಹಿಮ ನಿಲ್ಲುವುದಿಲ್ಲ. ಹಿಂಡಿನ ಮುದಿ ಕುದುರೆಗಳಿಗೆ ಆ ದಾರಿ ಗೊತ್ತು. ಗಾಳಿಯ ವಾಸನೆ ಬದಲಾದ ಕೂಡಲೇ ನೆರೆಯವರ ಕುದುರೆಗಳೆಲ್ಲ ಅಲ್ಲಿಗೆ ಸೇರಿಕೊಂಡಿದ್ದವು.

ರೈತ ಬೆಟ್ಟಕ್ಕೆ ಓಡಿದ. ಇಳಿಜಾರಿನಲ್ಲಿ ಹಿಮ ಗೋಡೆಯಂತೆ ಕೂತಿತ್ತು. ತೆವಳಿ ಹತ್ತಿದ. ಅವನ ಹಿಂಡು ಬೇಲಿಯ ಬಳಿ ಗಾಳಿಗೆ ಮೈಯೊಡ್ಡಿ ಸಾಲಾಗಿ ನಿಂತಿತ್ತು. ಜೂಲಿನಲ್ಲಿ ಮಂಜುಗಡ್ಡೆ ಜೋತುಬಿದ್ದಿತ್ತು. ನಡುವೆ ಮರಿ ನಡುಗುತ್ತಿತ್ತು. ಅವನನ್ನು ಕಂಡ ಕೂಡಲೇ ಎಲ್ಲವೂ ಮೆಲ್ಲಗೆ ಕೆನೆದವು.

ಬಾಗಿಲು ತೆಗೆದು ಕೆಳಗೆ ಕರೆದೊಯ್ಯುವಂತಿಲ್ಲ. ಆ ಇಳಿಜಾರಿನಲ್ಲಿ ಕುದುರೆಯ ಕಾಲು ಮುರಿಯುತ್ತದೆ. ಇರುವುದೊಂದೇ ದಾರಿ, ಬೆಟ್ಟದ ಆಚೆಯ ಬಿಸಿನೀರಿನ ತಗ್ಗು. ಅದು ಬೂದು ಕುದುರೆಗೆ ಗೊತ್ತು, ಅವನಿಗೆ ಗೊತ್ತಿಲ್ಲ.

“ಹೋಗು!” ಎಂದು ಕೂಗಿದ. ಅವು ಇನ್ನಷ್ಟು ಹತ್ತಿರ ಬಂದವು. ಅಷ್ಟು ದಿನವೂ ಅವನ ದನಿ ಕೇಳಿದರೆ ಬರುವುದೊಂದನ್ನೇ ಅವು ಕಲಿತಿದ್ದವು. ಹಿಮದ ಉಂಡೆ ಕಟ್ಟಿ ಎಸೆದ. ಮರಿ ಆಟವೆಂದುಕೊಂಡು ಕುಪ್ಪಳಿಸಿತು. ಬೈದ, ಬೇಡಿಕೊಂಡ, ಅತ್ತ. ಕೊನೆಗೆ ತಾನು ಕಣ್ಣಿಗೆ ಬೀಳದಿದ್ದರೆ ಹೋದಾವು ಎಂದುಕೊಂಡು, ಬೇಲಿಯ ಈಚೆಗಿದ್ದ ಬಂಡೆಯೊಂದರ ಹಿಂದೆ ಅಡಗಿ ಕೂತ.

ಬಂಡೆಯ ಹಿಂದಿನಿಂದ ಇಣುಕಿದ. ಕುದುರೆಗಳು ಕದಲಿರಲಿಲ್ಲ. ಮತ್ತೆ ಇಣುಕಿದ. ಬೂದು ಕುದುರೆಯ ಎರಡು ಕಿವಿಯೂ ಬಂಡೆಯ ಕಡೆಗೇ ನೆಟ್ಟಿದ್ದವು. ಗಾಳಿ ಅವನ ವಾಸನೆ ಹೊತ್ತು ಅವುಗಳ ಕಡೆ ಬೀಸುತ್ತಿತ್ತು. ಮರಿ ಕಾಲು ಮಡಚಿ ಹಿಮದಲ್ಲಿ ಮಲಗಿತು. ಆ ಚಳಿಯಲ್ಲಿ ಮಲಗಿ ನಿದ್ದೆಹೋದ ಮರಿ ಮತ್ತೆ ಏಳುವುದಿಲ್ಲ ಎಂಬುದು ಆ ಊರಿನ ಕೂಸಿಗೂ ಗೊತ್ತು.

“ಓಡಿಹೋಗಿ ಎತ್ತಬಾರದೇ?” ಎಂದು ಅಡಿವೆಪ್ಪ ಕೂಗಿಕೊಂಡ. ಅವನು ಬಣವೆಯ ಹುಲ್ಲನ್ನು ಎರಡೂ ಕೈಯಲ್ಲಿ ಹಿಡಿದು ಹಿಂಡುತ್ತಿದ್ದ.

“ಎತ್ತಿದರೆ ಆ ಹೊತ್ತಿಗೆ ಏಳುತ್ತದೆ. ಅವನು ನಿಂತಿರುವವರೆಗೂ ತಾಯಿ ಅಲ್ಲೇ ನಿಲ್ಲುತ್ತದೆ. ತಾಯಿ ನಿಂತರೆ ಹಿಂಡೆಲ್ಲ ನಿಲ್ಲುತ್ತದೆ,” ಎಂದರು ಅಜ್ಜಾರು.

ರೈತ ಎದ್ದ. ಬೇಲಿಗೆ ಬೆನ್ನು ಹಾಕಿದ. ಹಿಂದಿನಿಂದ ಬೂದು ಕುದುರೆ ಕೆನೆಯಿತು. ಅವನು ತಿರುಗಲಿಲ್ಲ. ಇಳಿಜಾರಿನಲ್ಲಿ ಜಾರುತ್ತ, ಬೀಳುತ್ತ ಮನೆಗೆ ಬಂದ.

“ಕುದುರೆಗಳು?” ಎಂದಳು ಹೆಂಡತಿ.

“ಬಿಟ್ಟುಬಂದೆ.”

ಅವತ್ತು ಅವಳು ಚುಚ್ಚು ಮಾತಾಡಲಿಲ್ಲ. ಒದ್ದೆ ಬಟ್ಟೆ ಬಿಚ್ಚಿಸಿ, ಒಲೆಯ ಮುಂದೆ ಕೂರು ಎಂದಳು. ಅವನು ಕೂರಲಿಲ್ಲ. ಹಿಮ ನಿಂತ ಮೇಲೂ ಕೂರಲಿಲ್ಲ. ಕುದುರೆ ಇಳಿಸುವ ದಿನದವರೆಗೂ ಮನೆಯೊಳಗೆ ಸುತ್ತಿದ. ಬಾಗಿಲ ಅಗಳಿ ತೆಗೆಯುವನು, ಹೊರಗೆ ಒಂದು ಕಾಲಿಡುವನು, ಬೆಟ್ಟ ನೋಡುವನು, ಕಾಲು ಒಳಗೆಳೆದು ಅಗಳಿ ಹಾಕುವನು. ಬೆಟ್ಟಕ್ಕೆ ಮಾತ್ರ ಹೋಗಲಿಲ್ಲ.

ಆ ದಿನ ಬಂತು. ಊರವರು ಬೆಟ್ಟ ಹತ್ತಿದರು. ಅವನು ಕೆಳಗೇ ಉಳಿದ. ಕಲ್ಲಿನ ದೊಡ್ಡಿಯ ಗೋಡೆಗೆ ಒರಗಿ ನಿಂತ. ಕುದುರೆಗಳು ಇಳಿದುಬಂದವು. ನೆರೆಯವರು ತಮ್ಮ ತಮ್ಮವನ್ನು ಗುರುತಿಸಿ ನಗುತ್ತಿದ್ದರು. ಅವನದು ಒಂದೂ ಇರಲಿಲ್ಲ. ದೊಡ್ಡಿಯ ಬಾಗಿಲು ಹಾಕಲು ಒಬ್ಬ ಕೈ ಚಾಚಿದ.

ಆಗ ಬಂತು ಬೂದು ಕುದುರೆ. ಅದರ ಹಿಂದೆ ಉಳಿದವು. ಪಕ್ಕೆಲುಬು ಒಂದೂ ಕಾಣುತ್ತಿರಲಿಲ್ಲ. ಕೊನೆಯಲ್ಲಿ ಮರಿ, ಗುಂಡಗೆ ಬೆಳೆದಿತ್ತು. ಅಷ್ಟು ಜನರ ನಡುವೆ ಬೂದು ಕುದುರೆ ನೇರವಾಗಿ ರೈತನ ಮುಂದೆ ಬಂದು ನಿಂತು, ಅವನ ಬರಿ ಅಂಗೈಗೆ ಬೆಚ್ಚಗೆ ಉಸಿರು ಬಿಟ್ಟಿತು.

ಅಜ್ಜಾರು ಕತೆ ನಿಲ್ಲಿಸಿದರು.

ಅಡಿವೆಪ್ಪ ಕಣ್ಣೊರೆಸಿಕೊಂಡ. “ಹಾಗಾದರೆ ಅದು ಅವನನ್ನು ಮರೆತಿರಲಿಲ್ಲ,” ಎಂದ. ಲಾಯದ ಕಡೆ ನೋಡಿದ. ಅವನ ಮುಖ ಮತ್ತೆ ಬಾಡಿತು. “ಆದರೆ ಅಜ್ಜಾರೇ, ಆ ಕುದುರೆಗಳು ಅವನು ಹೋದ ಮೇಲೆ ಮೇದವು. ನನ್ನದು ನಾನು ಊರು ಬಿಡುವ ಮೊದಲೇ ಮೇವು ಬಿಟ್ಟಿದೆಯಲ್ಲ? ಇದಕ್ಕೇನು ಹೇಳುತ್ತೀರಿ?”

ಅಜ್ಜಾರು ಅವನ ತಲೆಯಿಂದ ಒಂದು ಚಿಟಿಕೆ ಹೊಟ್ಟು ತೆಗೆದು ಗಾಳಿಗೆ ಹಿಡಿದು ಬಿಟ್ಟರು. ಹೊಟ್ಟು ಅಂಗಳದ ಮೇಲೆ ತೇಲಿಹೋಗಿ ಲಾಯದೊಳಗೆ, ಗೋದಲಿಯ ಹತ್ತಿರ ಬಿದ್ದಿತು. ಕುದುರೆ ಮೂಗಿನ ಹೊಳ್ಳೆ ಅರಳಿಸಿತು. ಅದರ ಎರಡು ಕಿವಿಯೂ ಬಣವೆಯ ಕಡೆಗೇ ನೆಟ್ಟಿದ್ದವು. ಬೆಳಗಿನಿಂದ ಹಾಗೇ ನೆಟ್ಟಿದ್ದುದನ್ನು ಅಡಿವೆಪ್ಪ ಈಗ ಕಂಡ.

ಅಜ್ಜಾರು ಅವನ ಹೆಗಲಿನ ಜೋಳಿಗೆ ಸರಿಮಾಡಿ, ಹಳ್ಳದ ದಾರಿಯತ್ತ ಕೈ ತೋರಿಸುತ್ತ ಹೇಳಿದರು:

“ಏಳು, ಅದಕ್ಕೆ ಹಸಿವಾಗಿದೆ.”